ಬೇಸಿಗೆ ರಜೆಗೆ ದಿನಕ್ಕೊಂದು ಆಟ: ಗುಳ್ಳೆ ನೀರಿನಿಂದ ಮಳೆ ಅಳತೆವರೆಗೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಯ ಹೊತ್ತಿಗೆ. ಮೊದಲ ವಾರ ಮಕ್ಕಳಿಗೆ ಹಬ್ಬ, ಆಮೇಲೆ ‘ಬೋರು’ ಎಂಬ ರಾಗ, ಕೊನೆಗೆ ಕೈಗೆ ಮೊಬೈಲ್. ಬಹಳಷ್ಟು ಮನೆಗಳಲ್ಲಿ ಆಗುವ ಎಡವಟ್ಟು ಒಂದೇ. ಬೆಳಗ್ಗೆಯೇ ನಾಲ್ಕೈದು ಆಟದ ಸಾಮಾನು ಹರಡಿಕೊಡುತ್ತಾರೆ, ಹತ್ತು ಗಂಟೆಯಾಗುವಷ್ಟರಲ್ಲಿ ಎಲ್ಲವೂ ಹಳತಾಗಿರುತ್ತದೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ ದಿನಕ್ಕೆ ಹೊಸದೊಂದು ಕೆಲಸ ಸಾಕು. ಆದರೆ ಅದು ಮಗುವಿನ ಕೈಯಿಂದಲೇ ಆಗಬೇಕು, ಚೆನ್ನಾಗಿಯೂ ಆಗಬೇಕು.

ಹೊರಗಿನ ಆಟ ಬೆಳಗ್ಗೆ ಹತ್ತೂವರೆಯೊಳಗೆ ಮುಗಿಯಲಿ. ಕೊಡಗಿನ ತೋಟದ ಮನೆಗಳಲ್ಲಿ ಕಾಫಿ ಒಣಗಿಸಿ ಕಳುಹಿಸಿಯಾದ ಮೇಲೆ ಕಣ ಖಾಲಿ ಇರುತ್ತದೆ, ಓಡಾಡುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಕೇಳಿಸಿದ ಕೂಡಲೇ ಮಕ್ಕಳು ಒಳಗಿರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೊಟ್ಟಿ, ತೋಟದ ಕೆರೆ, ಕಟ್ಟೆಯಿಲ್ಲದ ಬಾವಿಯ ಕಡೆ ದೊಡ್ಡವರಿಲ್ಲದೆ ಒಂದು ಹೆಜ್ಜೆಯೂ ಬೇಡ. ಪುಟ್ಟ ಮಕ್ಕಳಿಗೆ ಅರ್ಧ ಬಕೆಟ್ ನೀರೂ ಅಪಾಯವೇ. ಆಟ ಮುಗಿದ ತಕ್ಷಣ ಬಕೆಟ್ ಬೋರಲು ಹಾಕಿ.

ಗುಳ್ಳೆ ನೀರು: ಹಿಂದಿನ ರಾತ್ರಿಯೇ ಕಲಸಿಡಿ

ಅತಿ ಹೆಚ್ಚು ಜನ ಕೆಡಿಸುವ ಆಟ ಇದು. ಬಕೆಟ್ ನೀರಿಗೆ ಬಟ್ಟೆ ಸೋಪಿನ ಪುಡಿ ಸುರಿದು, ಕೈಯಾಡಿಸಿ ನೊರೆ ಎಬ್ಬಿಸಿ ‘ಊದು’ ಎನ್ನುತ್ತಾರೆ. ನಾಲ್ಕು ಗುಳ್ಳೆ ಬಂದು ಒಡೆಯುತ್ತವೆ, ಮಗುವಿನ ಕಣ್ಣು ಉರಿಯುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ಬಟ್ಟೆ ಸೋಪಿನ ಪುಡಿ ಚರ್ಮಕ್ಕೂ ಕಣ್ಣಿಗೂ ಖಾರ, ಅದನ್ನು ಈ ಆಟಕ್ಕೆ ಬಳಸಲೇಬೇಡಿ. ಕಂಡೀಷನರ್ ಬೆರೆತ ಶಾಂಪೂ ಕೂಡ ಬೇಡ, ಅದರ ಜಿಡ್ಡು ಗುಳ್ಳೆಯ ಪದರ ನಿಲ್ಲಲು ಬಿಡುವುದಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುವ ಬಣ್ಣದ ಬಾಟಲಿಗಳಲ್ಲಿ ಇರುವುದು ಬಹುಪಾಲು ನೀರೇ. ಬ್ಯಾಟರಿ ಹಾಕಿದ ಗುಳ್ಳೆ ಬಂದೂಕು ತಂದರಂತೂ ಮಗು ಸುಮ್ಮನೆ ಗುಂಡಿ ಒತ್ತುತ್ತಾ ನಿಲ್ಲುತ್ತದೆ.

ಬೇಕಾದದ್ದು ಇಷ್ಟು: 6 ಲೋಟ ನೀರು, ಪಾತ್ರೆ ತೊಳೆಯುವ ಗಟ್ಟಿ ಲಿಕ್ವಿಡ್ 1 ಲೋಟ, ಮೆಡಿಕಲ್ ಅಂಗಡಿಯ ಗ್ಲಿಸರಿನ್ 2 ದೊಡ್ಡ ಚಮಚ. ಬೋರ್‌ವೆಲ್ ನೀರು ಗಡಸಾಗಿದ್ದರೆ ಗುಳ್ಳೆ ನಿಲ್ಲುವುದು ಕಷ್ಟ. ಅಂಥ ಮನೆಯವರು ಮಳೆ ನೀರು ಹಿಡಿಯಿರಿ. ಮಾಡಿನ ಧೂಳೆಲ್ಲ ತೊಳೆದುಹೋಗಲಿ ಎಂದು ಮೊದಲ ಹತ್ತು ನಿಮಿಷದ ನೀರು ಬಿಟ್ಟು ಆಮೇಲಿನದನ್ನು ಹಿಡಿದು, ಬಟ್ಟೆಯಲ್ಲಿ ಸೋಸಿ.

ಮೊದಲು ನೀರು, ಆಮೇಲೆ ಗ್ಲಿಸರಿನ್, ಕೊನೆಗೆ ಲಿಕ್ವಿಡ್. ಈ ಕ್ರಮ ತಪ್ಪಿಸಬೇಡಿ. ಲಿಕ್ವಿಡ್ ಮೇಲೆ ನೀರು ಸುರಿದರೆ ಪಾತ್ರೆ ತುಂಬ ನೊರೆಯೇ ಏಳುತ್ತದೆ, ನೊರೆ ತಾಗಿದ ಕಡೆ ದೊಡ್ಡ ಗುಳ್ಳೆಯ ಪದರ ಹರಿಯುತ್ತದೆ. ಮರದ ಸೌಟನ್ನು ತಳಕ್ಕೆ ತಾಗಿಸಿ ನಿಧಾನವಾಗಿ ತಿರುಗಿಸಿ. ಮೇಲೆ ನಿಂತ ನೊರೆಯನ್ನು ಚಮಚದಲ್ಲಿ ತೆಗೆದು, ಮುಚ್ಚಳ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ನೀರು ತಿಳಿಯಾಗಿ, ನೊರೆಯಿಲ್ಲದೆ ಸ್ವಲ್ಪ ಮಂದವಾಗಿ ಕಾಣಬೇಕು.

ಗುಳ್ಳೆ ಒಡೆಯುವುದು ಮುಖ್ಯವಾಗಿ ಅದರ ಪದರದ ನೀರು ಆರುವುದರಿಂದ. ಗ್ಲಿಸರಿನ್ ತೇವ ಹಿಡಿದಿಟ್ಟು ಆ ಆರುವಿಕೆಯನ್ನು ತಡಮಾಡುತ್ತದೆ. ಸಕ್ಕರೆ ಕರಗಿಸಿ ಹಾಕಿದರೂ ಸುಮಾರಾಗಿ ಕೆಲಸವಾಗುತ್ತದೆ, ಆದರೆ ಜಗಲಿಯೆಲ್ಲ ಅಂಟಂಟಾಗಿ ಇರುವೆ ಮುತ್ತುತ್ತವೆ. ಗ್ಲಿಸರಿನ್ನೇ ತನ್ನಿ. ಗಾಳಿಯ ತೇವವೂ ಅಷ್ಟೇ ಮುಖ್ಯ. ಮಡಿಕೇರಿ, ಭಾಗಮಂಡಲದ ಕಡೆ ಮಳೆ ನಿಂತು ಗುಡುಗು ಸುಮ್ಮನಾದ ಸಂಜೆ ಈ ಆಟಕ್ಕೆ ಹೇಳಿ ಮಾಡಿಸಿದ ಹೊತ್ತು. ಕುಶಾಲನಗರದ ಕಡೆ ಗಾಳಿ ಒಣ, ಅಲ್ಲಿ ಬೆಳಗ್ಗೆ ಎಂಟರೊಳಗೆ ಆಡಿಸಿ. ನಡು ಬಿಸಿಲಿನಲ್ಲಿ ಎಲ್ಲಿ ಮಾಡಿದರೂ ದಂಡ.

ಸಣ್ಣ ಗುಳ್ಳೆಗೆ ಪಪ್ಪಾಯಿ ಎಲೆಯ ದಂಟು ಸಾಕು. ಒಂದು ಗೇಣು ಕತ್ತರಿಸಿ, ಹಾಲು ಸೋರಿ ನಿಲ್ಲುವವರೆಗೆ ನೀರಿನಲ್ಲಿಟ್ಟು ಚೆನ್ನಾಗಿ ತೊಳೆಯಿರಿ. ಬಾಯಿಗಿಡುವ ತುದಿಯಿಂದ ಎರಡು ಬೆರಳು ಕೆಳಗೆ ಸೂಜಿಯಿಂದ ಒಂದು ತೂತು ಮಾಡಿ. ಮಗು ಮರೆತು ಒಳಗೆಳೆದುಕೊಂಡರೆ ಸೋಪಿನ ನೀರಿನ ಬದಲು ಗಾಳಿ ಬರುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಊದುವ ಕೊಳವೆಯೇ ಬೇಡ.

ಅವರಿಗೂ ಆಗುವಂಥದ್ದು ಕಡ್ಡಿ ಮತ್ತು ನೂಲಿನ ಬಳೆ. ಗಿಡ ಕಸಿ ಮಾಡಿದಾಗ, ಅಂದರೆ ರೆಂಬೆ ಸವರಿದಾಗ, ಬಿದ್ದ ಕಾಫಿ ಕಡ್ಡಿಯಲ್ಲಿ ಅಡಿ ಉದ್ದದ ಎರಡು ತುಂಡು ಮಾಡಿ, ತುದಿಗಳನ್ನು ಉಜ್ಜಿ ನಯ ಮಾಡಿ. ಎರಡೂ ಕಡ್ಡಿಯ ತುದಿಗೆ 30 ಸೆಂ.ಮೀ. ನೂಲು ಕಟ್ಟಿ, ಅದೇ ತುದಿಗಳಿಂದ 60 ಸೆಂ.ಮೀ.ನ ಇನ್ನೊಂದು ನೂಲು ಇಳಿಬಿಡಿ. ಅದರ ನಡುವೆ ಒಂದು ಕಬ್ಬಿಣದ ನಟ್ ಪೋಣಿಸಿದರೆ ಭಾರಕ್ಕೆ ತ್ರಿಕೋನವಾಗಿ ನಿಲ್ಲುತ್ತದೆ. ನೂಲು ಹತ್ತಿಯದೇ ಇರಲಿ. ನೈಲಾನ್ ದಾರ ನೀರು ಹೀರುವುದಿಲ್ಲ, ಪದರಕ್ಕೆ ಬೇಕಾದ ನೀರನ್ನು ಒದಗಿಸುವುದು ಆ ನೂಲೇ.

ಕೈ ತಪ್ಪುವುದು ಇನ್ನು ಮುಂದೆ. ಕಡ್ಡಿಗಳೆರಡನ್ನೂ ಜೋಡಿಸಿ ಹಿಡಿದು ನೂಲು ಪೂರ್ತಿ ಮುಳುಗಿಸಿ, ಮೂರು ಎಣಿಸಿ, ಜೋಡಿಸಿದಂತೆಯೇ ಮೇಲೆತ್ತಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಮೆಲ್ಲಗೆ ಅಗಲಿಸಿದರೆ ನೂಲಿನ ನಡುವೆ ಬಣ್ಣ ಹರಿದಾಡುವ ಪದರ ಕಾಣುತ್ತದೆ. ಈಗ ಊದಬಾರದು. ಮಗು ಎರಡು ಹೆಜ್ಜೆ ಹಿಂದಕ್ಕೆ ನಡೆಯಲಿ, ಗುಳ್ಳೆ ತಾನೇ ಉಬ್ಬಿ ಉದ್ದವಾಗುತ್ತದೆ. ಅರ್ಧ ಮಾರು ಉದ್ದವಾದಾಗ ಕಡ್ಡಿಗಳನ್ನು ಮತ್ತೆ ಕೂಡಿಸಿದರೆ ಬಾಯಿ ಮುಚ್ಚಿಕೊಂಡು ಬಿಟ್ಟುಹೋಗುತ್ತದೆ. ಕೂಡಿಸುವುದನ್ನು ಮರೆತರೆ ಎಳೆದೆಳೆದು ಹರಿಯುತ್ತದೆ. ಗುಳ್ಳೆ ಹಿಡಿಯಬೇಕೆಂದು ಹಟ ಮಾಡಿದರೆ ಮಗುವಿನ ಅಂಗೈಯನ್ನು ಅದೇ ನೀರಿನಲ್ಲಿ ಅದ್ದಿಸಿ. ಒಣ ಕೈಗೆ ಒಡೆಯುವ ಗುಳ್ಳೆ ಒದ್ದೆ ಕೈ ಮೇಲೆ ಕೂರುತ್ತದೆ.

ಅಗಲಿಸುವಾಗಲೇ ಹರಿದರೆ ಲಿಕ್ವಿಡ್ ಸಾಲದು, ಒಂದೊಂದೇ ಚಮಚ ಸೇರಿಸಿ. ಗುಳ್ಳೆ ಬಂದು ತಕ್ಷಣ ಒಡೆದರೆ ಗಾಳಿ ಒಣಗಿದೆ, ಒಂದು ಚಮಚ ಗ್ಲಿಸರಿನ್ ಹಾಕಿ ಅಥವಾ ಸಂಜೆಗೆ ಮುಂದೂಡಿ. ಗುಳ್ಳೆಯ ತಳದಿಂದ ದಪ್ಪ ಹನಿ ಬಿದ್ದು ಅದು ಕೆಳಗಿಳಿದರೆ ನೀರು ಮಂದವಾಗಿದೆ, ಅರ್ಧ ಲೋಟ ನೀರು ಬೆರೆಸಿ. ಈ ಆಟ ಮಾತ್ರ ಸಿಮೆಂಟಿನ ಕಣದಲ್ಲಿ, ರೆಡ್ ಆಕ್ಸೈಡ್ ಜಗಲಿಯಲ್ಲಿ ಬೇಡ, ಜಾರಿ ಬೀಳುತ್ತಾರೆ. ಹುಲ್ಲಿನ ಮೇಲೆ ಆಡಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ತಣ್ಣೀರಿನಲ್ಲಿ ತೊಳೆಯಿರಿ.

ಅಡುಗೆಮನೆಯಲ್ಲಿ, ಕರೆಂಟ್ ಹೋದಾಗ

ಕಡಂಬುಟ್ಟು (ಕೊಡಗಿನ ಅಕ್ಕಿ ತರಿಯ ಕಡುಬು) ಉಂಡೆ ಕಟ್ಟುವುದು ಐದು ವರ್ಷದ ಕೈಗೆ ತಕ್ಕ ಕೆಲಸ. 1 ಲೋಟ ಅಕ್ಕಿ ತರಿಗೆ 2 ಲೋಟ ನೀರು, ತರಿ ದಪ್ಪವಿದ್ದರೆ ಇನ್ನೂ ಕಾಲು ಲೋಟ. ಉಪ್ಪು ಹಾಕಿ ಕುದಿಸಿ, ತರಿ ಸುರಿದು ಗಂಟಾಗದಂತೆ ತಿರುಗಿಸಿ ಮುದ್ದೆಯಾಗಿಸುವುದು ದೊಡ್ಡವರ ಕೆಲಸ. ಮುದ್ದೆ ಮೇಲೆ ಆರಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ಮಗುವಿಗೆ ಕೊಡುವ ಮೊದಲು ತಟ್ಟೆಯಲ್ಲಿ ಮುರಿದು ಹರಡಿ, ನಡುವಿನದನ್ನು ನಿಮ್ಮ ಕೈಯ ಹಿಂಬದಿಗೆ ತಾಗಿಸಿ ನೋಡಿ. ತೀರಾ ಆರಿದರೆ ಉಂಡೆ ಬಿರುಕು ಬಿಡುತ್ತದೆ, ಆಗ ಕೈ ಒದ್ದೆ ಮಾಡಿಕೊಂಡು ನಾದಿ. ನಿಂಬೆಹಣ್ಣಿನ ಗಾತ್ರದವಾದರೆ ಹಬೆಯಲ್ಲಿ 15ರಿಂದ 20 ನಿಮಿಷ. ಮಗು ಕಟ್ಟಿದ ಸೊಟ್ಟ ಉಂಡೆಗಳನ್ನು ತಿದ್ದಬೇಡಿ. ಊಟಕ್ಕೆ ಮೊದಲು ಅವನ್ನೇ ಬಡಿಸಿ.

ಬೀಜ ಮೊಳೆಸುವುದಾದರೆ ಹೆಸರುಕಾಳು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಒಂದೆರಡು ದಿನಕ್ಕೇ ಬರುತ್ತದೆ. ಬಟರ್ ಫ್ರೂಟ್ ಬೀಜವನ್ನು ಗ್ಲಾಸಿನಲ್ಲಿಡುವ ಗೋಜು ಬೇಡ. ಅದು ವಾರಗಟ್ಟಲೆ ಹಾಗೇ ಇರುತ್ತದೆ, ಸಣ್ಣವರು ಮರೆತೇಬಿಡುತ್ತಾರೆ. ಮೂರು ವರ್ಷದೊಳಗಿನವರು ಮನೆಯಲ್ಲಿದ್ದರೆ ಕಾಳು, ನಟ್, ಗೋಲಿ ಯಾವುದೂ ನೆಲದಲ್ಲಿ ಉಳಿಯಬಾರದು.

ಸಂಜೆ ಕರೆಂಟ್ ಹೋದರೆ ಗೋಡೆ ಮೇಲೆ ನೆರಳಾಟ. ಹಲವು ಬಲ್ಬಿನ ಎಲ್‌ಇಡಿ ಟಾರ್ಚ್‌ನಲ್ಲಿ ಒಂದು ಕೈಗೆ ಐದಾರು ನೆರಳು ಬಿದ್ದು ಕಲಸಿಹೋಗುತ್ತದೆ, ಒಂದೇ ಬಲ್ಬಿನದನ್ನು ಹಿಡಿಯಿರಿ. ಕೈ ಟಾರ್ಚ್‌ಗೆ ಹತ್ತಿರವಾದರೆ ನೆರಳು ದೊಡ್ಡದು, ಗೋಡೆಗೆ ಹತ್ತಿರವಾದರೆ ಸಣ್ಣದು ಮತ್ತು ಚೂಪು. ಅದನ್ನು ಹೇಳಿಕೊಡಬೇಡಿ, ಕಂಡುಕೊಳ್ಳಲಿ.

ಎಷ್ಟು ಸೆಂಟು ಬಂತು?

ಕೊಡಗಿನಲ್ಲಿ ಮಳೆ ನಿಂತ ಕೂಡಲೇ ಫೋನಿನಲ್ಲಿ ಕೇಳುವ ಪ್ರಶ್ನೆ ಇದು. ಸೆಂಟು ಎಂದರೆ ಇಲ್ಲಿ ಮಳೆಯ ಅಳತೆ, ಇಂಚಿನ ನೂರನೇ ಒಂದು ಭಾಗ. ಉತ್ತರ ಹೇಳುವ ಕೆಲಸವನ್ನು ಈ ರಜೆಯಲ್ಲಿ ಮಗುವಿಗೆ ಕೊಡಿ. ನಡು ಸಣ್ಣಗಿಲ್ಲದ, ನೆಟ್ಟಗಿನ 2 ಲೀಟರ್ ಪ್ಲಾಸ್ಟಿಕ್ ಬಾಟಲಿ ಆರಿಸಿ. ಕುತ್ತಿಗೆ ಕಿರಿದಾಗಲು ಶುರುವಾಗುವ ಜಾಗದಲ್ಲಿ ನೀವು ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಅಂಚಿಗೆ ಟೇಪ್ ಸುತ್ತಿ.

ತಪ್ಪು ನಡೆಯುವುದು ಸೊನ್ನೆ ಗುರುತಿನಲ್ಲಿ. ಬಾಟಲಿಯ ತಳ ಉಬ್ಬುತಗ್ಗು. ಅಲ್ಲಿಂದಲೇ ಇಂಚು ಅಳೆದರೆ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಸಿಮೆಂಟು ಮರಳು ತೆಳುವಾಗಿ ಕಲಸಿ, ತಳದ ಉಬ್ಬುಗಳು ಮುಚ್ಚಿ ಬಾಟಲಿ ನೆಟ್ಟಗಾಗುವ ಮಟ್ಟದವರೆಗೆ ಸುರಿದು, ಕುಟ್ಟಿ ಸಮ ಮಾಡಿ, ಎರಡು ದಿನ ಒಣಗಲು ಬಿಡಿ. ಆ ಸಿಮೆಂಟಿನ ಮೇಲ್ಮೈಯೇ ಸೊನ್ನೆ, ಗಾಳಿಗೆ ಬೀಳದಂತೆ ಭಾರವೂ ಆಯಿತು. ಅಲ್ಲಿಂದ ಸ್ಕೇಲಿನ ಇಂಚು ಬದಿಯನ್ನು ಹಿಡಿದು ಪರ್ಮನೆಂಟ್ ಮಾರ್ಕರ್‌ನಲ್ಲಿ ಗೆರೆ ಹಾಕಿ. ಕಾಗದದ ಪಟ್ಟಿ ಅಂಟಿಸಿದರೆ ಮೊದಲ ಮಳೆಗೇ ಕಿತ್ತುಬರುತ್ತದೆ. ಒಂದು ಇಂಚು ಎಂದರೆ 100 ಸೆಂಟು, ಕಾಲು ಇಂಚಿನ ಗೆರೆಗೆ 25. ಆರು ವರ್ಷದ ಮಗು ಇಷ್ಟನ್ನು ಸುಲಭವಾಗಿ ಓದುತ್ತದೆ, ನಾಲ್ಕರದ್ದು ಗೆರೆಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ ಹೇಳುತ್ತದೆ.

ಮಾಡಿನ ನೀರು, ಮರದ ಹನಿ ತಾಗದ ಬಯಲಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಅದರ ನಡುವೆ ನಿಲ್ಲಿಸಿ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿದ್ದರೆ ಒಳ್ಳೆಯದು. ಹವಾಮಾನ ಇಲಾಖೆಯವರಂತೆ ದಿನವೂ ಬೆಳಗ್ಗೆ 8:30ಕ್ಕೆ ಓದಿಸಿ. ಕಣ್ಣು ನೀರಿನ ಮಟ್ಟಕ್ಕೇ ಇರಬೇಕು, ಮೇಲಿನಿಂದ ಬಗ್ಗಿ ನೋಡಿದರೆ ಹೆಚ್ಚು ಕಡಿಮೆಯಾಗುತ್ತದೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಮಗುವೇ ಬರೆಯಲಿ, ಆಮೇಲೆ ನೀರು ಚೆಲ್ಲಲಿ. ವಾಪಸು ಬಂದಾಗ ಕಾಲ್ಬೆರಳ ಸಂದಿಯಲ್ಲಿ ಜಿಗಣೆ ಇದೆಯೇ ನೋಡಿ. ಕಚ್ಚಿದ್ದರೆ ಎಳೆಯದೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ. ತೋಟದ ಮಳೆಮಾಪಕದ ಅಳತೆಗೂ ಮಗುವಿನ ಅಳತೆಗೂ ಐದಾರು ಸೆಂಟು ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕಿಂತ ತೀರಾ ಹೆಚ್ಚಾದರೆ ಬಾಟಲಿಯ ಜಾಗ ಬದಲಿಸಿ. ಮುಂಗಾರು ಹಿಡಿದ ಮೇಲೆ ಒಂದೇ ರಾತ್ರಿಗೆ ತುಂಬಿ ಚೆಲ್ಲಬಹುದು, ಆಗ ಸಂಜೆಯೂ ಒಮ್ಮೆ ಓದಿ, ಬೆಳಗಿನದಕ್ಕೆ ಕೂಡಿಸಿ ಬರೆಯಿರಿ.