ಲಂಟಾನದ ಮೆಳೆಯನ್ನು ಬುಡಸಮೇತ ತೆಗೆಯುವ ಕ್ರಮ

ಲಂಟಾನವನ್ನು ಮಚ್ಚಿನಿಂದ ಸವರಿ ಕೈತೊಳೆದುಕೊಂಡವರಿಗೆ ಮುಂದಿನ ಮಳೆಯ ಹೊತ್ತಿಗೆ ಅದೇ ಜಾಗದಲ್ಲಿ ಇನ್ನಷ್ಟು ದಟ್ಟವಾದ ಮೆಳೆ ಎದುರಾಗುತ್ತದೆ. ಕಾಂಡವು ಬೇರನ್ನು ಕೂಡುವ ಗಂಟಿನಲ್ಲಿ ಚಿಗುರೊಡೆಯುವ ಶಕ್ತಿ ಇರುವುದರಿಂದ, ಒಂದು ಕಾಂಡವನ್ನು ಕಡಿದ ಕಡೆ ನಾಲ್ಕಾರು ಏಳುತ್ತವೆ. ಬೆಂಕಿ ಹಚ್ಚಿದರೂ ಗಂಟು ಮಣ್ಣಿನೊಳಗೆ ಉಳಿದು ಮತ್ತೆ ಚಿಗುರುತ್ತದೆ.

ಅಮೆರಿಕ ಖಂಡಗಳ ಉಷ್ಣವಲಯದ ಈ ಗಿಡವನ್ನು ಹೂವಿನ ಅಂದಕ್ಕಾಗಿ ಬೇರೆಡೆಗೆ ಒಯ್ದವರು ಮನುಷ್ಯರೇ. ಅಲ್ಲಿಂದಾಚೆಗೆ ಹರಡುವ ಕೆಲಸವನ್ನು ಹಕ್ಕಿಗಳು ವಹಿಸಿಕೊಂಡವು. ಅದರ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ, ಎಲೆ ತಿಂದ ದನಗಳ ಯಕೃತ್ತು ಕೆಟ್ಟು ಚರ್ಮವು ಬಿಸಿಲಿಗೆ ಸುಲಿಯುತ್ತದೆ. ಹೀಗೆ ಮೇವೂ ಹೋಗಿ ದನವೂ ಹೋಗುವ ನಷ್ಟ ಸಾಕಿದವರ ಪಾಲಿಗೆ. ಲಂಟಾನದಂತೆ ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ಹತ್ತಿಕ್ಕುವ ಆಕ್ರಮಣಕಾರಿ ಪ್ರಭೇದಗಳಿಂದ 2019ರಲ್ಲಿ ಜಗತ್ತಿಗೆ ಆದ ನಷ್ಟ 42,300 ಕೋಟಿ ಡಾಲರಿಗೂ ಹೆಚ್ಚು ಎಂದು ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2023ರಲ್ಲಿ ಅಂದಾಜಿಸಿತು.

ಮಣ್ಣು ಹಸಿಯಾಗಿದ್ದು ಕಾಯಿ ಇನ್ನೂ ಹಣ್ಣಾಗದ ಸಮಯವನ್ನು ಆರಿಸಿಕೊಳ್ಳಬೇಕು. ಕಾಂಡದಲ್ಲಿ ಮುಳ್ಳಿರುವುದರಿಂದ ದಪ್ಪ ಕೈಗವಸು ಬೇಕೇ ಬೇಕು. ಮೊದಲು ಕೊಂಬೆಗಳನ್ನು ಸವರಿ, ಹಿಡಿಯಲು ಸಿಗುವಷ್ಟು ಮೋಟು ಉಳಿಸಿಕೊಂಡು, ಬುಡದ ಸುತ್ತಲಿನ ಮಣ್ಣನ್ನು ಪಿಕಾಸಿಯಿಂದ ಬಿಡಿಸಬೇಕು. ಉಬ್ಬಿದ ಗಂಟು ಕಾಣಿಸಿದ ಮೇಲೆ ಅದಕ್ಕಿಂತ ಕೆಳಗೆ, ಅಂದರೆ ಮಣ್ಣಿನ ಮಟ್ಟದಿಂದ ಸುಮಾರು ಮೂರು ನಾಲ್ಕು ಅಂಗುಲ ಆಳದಲ್ಲಿ, ತಾಯಿಬೇರನ್ನು ಕತ್ತರಿಸಿ ಇಡೀ ಬುಡವನ್ನು ಮೇಲೆತ್ತಬೇಕು. ಗಂಟಿನ ಮೇಲೆ ಏಟು ಬಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಎತ್ತಿದ ಬುಡವನ್ನು ಬೇರು ಮೇಲಾಗುವಂತೆ ತಲೆಕೆಳಗಾಗಿ ಒಣಗಲು ಬಿಡಬೇಕು, ಏಕೆಂದರೆ ಹಸಿ ಮಣ್ಣಿಗೆ ತಾಗಿದ ಕಾಂಡವೂ ಬೇರು ಬಿಡಬಲ್ಲದು. ಹಣ್ಣಿರುವ ಕೊಂಬೆಗಳನ್ನು ಸ್ವಚ್ಛವಾದ ನೆಲದ ಮೇಲೆ ಎಳೆದಾಡದೆ ಒಂದೇ ಕಡೆ ರಾಶಿ ಹಾಕಬೇಕು.

ಮುಂದಿನ ಎರಡು ಮೂರು ಮಳೆಗಾಲಗಳಲ್ಲಿ, ವಿಶೇಷವಾಗಿ ಹಕ್ಕಿಗಳು ಕೂರುವ ಮರಗಳ ಕೆಳಗೆ, ಸಸಿಗಳನ್ನು ಹುಡುಕಿ ಕೀಳಬೇಕಾಗುತ್ತದೆ. ಎಲೆಯನ್ನು ಹಿಸುಕಿದಾಗ ಬರುವ ಕಟುವಾಸನೆಯಿಂದ ಅವನ್ನು ಎಳೆಯದರಲ್ಲೇ ಗುರುತಿಸಬಹುದು. ತೆರವಾದ ನೆಲದಲ್ಲಿ ಅದೇ ಸೀಮೆಯ ಹುಲ್ಲಿನ ಬೀಜವನ್ನು ಕೂಡಲೇ ಬಿತ್ತದಿದ್ದರೆ ಲಂಟಾನವೋ ಮತ್ತೊಂದು ಕಳೆಯೋ ಆ ಜಾಗವನ್ನು ಹಿಡಿಯುತ್ತದೆ.

ಜಾಗ ದೊಡ್ಡದಿದ್ದರೆ ನಡುವಿನ ದಟ್ಟ ಮೆಳೆಗೆ ಕೈಹಾಕುವ ಮೊದಲು ಅಂಚಿನಲ್ಲಿ ಚದುರಿದ ಎಳೆಯ ಗಿಡಗಳನ್ನು ಮುಗಿಸುವುದು ಲೇಸು. ಅವು ಸುಲಭವಾಗಿ ಕೈಗೆ ಬರುತ್ತವೆ, ಹರಡುವಿಕೆಯೂ ಅಲ್ಲೇ ನಿಲ್ಲುತ್ತದೆ.