ಹಿಂಗಾಲಿನಲ್ಲಿ ನಾಲ್ಕೇ: ದೊಡ್ಡ ದುಂಬಿಯ ಕುಟುಂಬ ಗುರುತಿಸುವ ಬಗೆ

ನಮ್ಮ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿ ಆರು ಸೆಂಟಿಮೀಟರ್ ಉದ್ದದ ದುಂಬಿಯೊಂದಿದೆ. ನಾನು ಮೈಸೂರಿನ ಈ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬರುವ ಮೊದಲೇ ಅದು ಅಲ್ಲಿತ್ತು. ಮಾಸಿದ ಚೀಟಿಯಲ್ಲಿ ‘ಕೊಡಗು, ರಾತ್ರಿ ದೀಪಕ್ಕೆ ಬಂದದ್ದು’ ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ ‘ಉದ್ದಮೀಸೆಯ ದುಂಬಿ’. ಏಳು ವರ್ಷ ನಾನೂ ಹಾಗೆಯೇ ಪಾಠ ಮಾಡಿದೆ. ಎಂಟನೆಯ ವರ್ಷ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ಅದರ ಮುಂದೆ ನಿಂತಿದ್ದಳು. “ಮೇಡಂ, ಹಿಂಗಾಲಿನ ಪಾದದಲ್ಲಿ ಒಂದು ಖಂಡ ಕಡಿಮೆ ಇದೆ” ಎಂದಳು. ಮುರಿದಿರಬೇಕು ಎಂದೆ. “ಎರಡೂ ಕಾಲಿನಲ್ಲಿ ಕಡಿಮೆ ಇದೆ, ಉಗುರು ಮಾತ್ರ ಹಾಗೆಯೇ ಇವೆ” ಎಂದಳು.

ಅವಳ ಮಾತು ಸರಿಯಾಗಿತ್ತು. ದುಂಬಿಯ ಪಾದದ ತುದಿಯಲ್ಲಿ ಉಗುರು ಇದ್ದರೆ ಪಾದ ಮುರಿದಿಲ್ಲ. ನಮ್ಮ ಬೀರುವಿನಲ್ಲಿದ್ದದ್ದು ಉದ್ದಮೀಸೆಯ ದುಂಬಿಯಲ್ಲ, ಟ್ರಿಕ್ಟೆನೊಟೊಮಿಡೆ ಎಂಬ ಅಪರೂಪದ ಕುಟುಂಬದ್ದು. ದವಡೆ ನೋಡಿದರೆ ಕೊಂಬಿನಂತಹ ದವಡೆಯ ಸಾರಂಗ ದುಂಬಿ, ಮೈಕಟ್ಟು ನೋಡಿದರೆ ಉದ್ದಮೀಸೆಯ ದುಂಬಿ. ಪಾದದ ಖಂಡ ಎಣಿಸಿದರೆ ಮಾತ್ರ ಮೈದಾ ಡಬ್ಬಿಯಲ್ಲಿ ಓಡಾಡುವ ಕೆಂಪು ಹಿಟ್ಟಿನ ಹುಳುವಿನ ಬಳಗ! ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ದುಂಬಿಗಳು ಸುಮಾರು ನಾಲ್ಕು ಲಕ್ಷ. ಅವುಗಳಲ್ಲಿ ಈ ಕುಟುಂಬಕ್ಕೆ ಸೇರಿದವು ಇಪ್ಪತ್ತಕ್ಕೂ ಕಡಿಮೆ, ಅವೂ ಏಷ್ಯಾದಲ್ಲಿ ಮಾತ್ರ.

ಇಂತಹ ದುಂಬಿಯನ್ನು ನೀವೇ ಗುರುತಿಸಬೇಕಾದರೆ ಅದರಿಂದಲೇ ಶುರುಮಾಡಬೇಡಿ. ಕಣ್ಣು ಪಳಗಬೇಕು, ಪಳಗಿಸಲು ನಮ್ಮ ಮಂಡ್ಯ ಸೀಮೆಯ ಹೊಲ ತೋಟಗಳಲ್ಲಿ ಸಿಗುವ ಮೂರು ದುಂಬಿಗಳು ಸಾಕು.

ಮೊದಲನೆಯದು ಕುರುವಾಯಿ. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ತೆಂಗಿನ ಮರ ಹತ್ತಿ, ಸುಳಿಯ ತೂತಿಗೆ ಕಬ್ಬಿಣದ ಕೊಕ್ಕೆ ಹಾಕಿ ಇದನ್ನು ಎಳೆದು ಕೆಳಗೆ ಎಸೆಯುತ್ತಿದ್ದರು. ತಿಪ್ಪೆ ಕೆದಕಿದರೆ ಇದರ ಬೆಳ್ಳನೆಯ, ಹೆಬ್ಬೆರಳು ಗಾತ್ರದ ಮರಿಹುಳುಗಳು ಸಿಗುತ್ತವೆ. ಎರಡನೆಯದು ಮಾವಿನ ಕಾಂಡಕೊರಕ. ಬೂದು ಮೈ, ಎದೆಯ ಮೇಲೆ ಎರಡು ಕಿತ್ತಳೆಗೆಂಪು ಮಚ್ಚೆ, ಮೈಗಿಂತ ಉದ್ದದ ಮೀಸೆ. ಮೂರನೆಯದು ತೊಗರಿ, ಅಲಸಂದೆ ಹೂ ಬಿಟ್ಟಾಗ ಹಿಂಡು ಹಿಂಡಾಗಿ ಬಂದು ಹೂವನ್ನೇ ಮೇಯುವ, ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ಬೊಬ್ಬೆ ದುಂಬಿ. ಇದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹೆದರಿದಾಗ ಕಾಲಿನ ಕೀಲುಗಳಿಂದ ಒಸರುವ ಹಳದಿ ರಸದಲ್ಲಿ ಕ್ಯಾಂಥರಿಡಿನ್ ಎಂಬ ವಿಷ ಇರುತ್ತದೆ, ತಾಗಿದ ಕಡೆ ಚರ್ಮ ಬೊಬ್ಬೆ ಏಳುತ್ತದೆ. ಚಿಮ್ಮಟ ಬಳಸಿ.

ಒಣಗಿ ಸೆಟೆದ ದುಂಬಿಯ ಕಾಲು ಮುಟ್ಟಿದರೆ ಪಟಕ್ಕನೆ ಮುರಿಯುತ್ತದೆ. ಹಾಗಾಗಿ ಮೊದಲು ಅದನ್ನು ಮೆತ್ತಗೆ ಮಾಡಿಕೊಳ್ಳಬೇಕು. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಮರಳು ಹರಡಿ, ಬೂಸ್ಟು ಬಾರದಂತೆ ಒಂದೆರಡು ಹನಿ ಡೆಟಾಲ್ ಬಿಡಿ. ಮರಳಿನ ಮೇಲೆ ಚಿಕ್ಕ ಬಟ್ಟಲು, ಬಟ್ಟಲಿನಲ್ಲಿ ದುಂಬಿ. ನೀರು ಅದಕ್ಕೆ ನೇರವಾಗಿ ತಾಗಬಾರದು. ದೊಡ್ಡ ದುಂಬಿಗೆ ಎರಡು ದಿನ ಬೇಕಾಗುತ್ತದೆ. ಆಮೇಲೆ ಚಿತ್ರ ಬರೆಯುವ ಸಣ್ಣ ಕುಂಚದಿಂದ ಕಾಲನ್ನು ಮೆಲ್ಲಗೆ ಹೊರಕ್ಕೆ ತನ್ನಿ. ಪಿನ್ನು ಚುಚ್ಚುವುದಾದರೆ ಯಾವಾಗಲೂ ಬಲಗಡೆಯ ಮೇಲ್ರೆಕ್ಕೆಯ ಮೂಲಕವೇ ಚುಚ್ಚಿ. ನಡುಮಧ್ಯೆ ಚುಚ್ಚಿದರೆ ಎರಡೂ ಬದಿ ಹಾಳು, ಬಲಕ್ಕೆ ಚುಚ್ಚಿದರೆ ಎಡಭಾಗವಾದರೂ ಕೆಡದೆ ಉಳಿಯುತ್ತದೆ.

ಈಗ ಪಾದಕ್ಕೆ ಬನ್ನಿ. ದುಂಬಿಯ ಕಾಲಿನಲ್ಲಿ ತೊಡೆ, ಅದರ ಕೆಳಗೆ ಕಣಕಾಲು, ಅದರ ತುದಿಗೆ ಸಣ್ಣ ಸಣ್ಣ ಖಂಡಗಳ ಪಾದ. ಕಬ್ಬಿನ ಜಲ್ಲೆಯಲ್ಲಿ ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಒಂದು ತುಂಡು ಎಂದು ಲೆಕ್ಕ ಹಾಕುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಕಣಕಾಲಿನ ಕಡೆಯಿಂದ ಶುರುಮಾಡಿ, ಉಗುರು ಹೊತ್ತ ಕೊನೆಯ ಖಂಡದವರೆಗೆ ಎಣಿಸಿ. ಉಗುರು ಲೆಕ್ಕಕ್ಕಿಲ್ಲ. ಮುಂಗಾಲು, ನಡುಗಾಲು, ಹಿಂಗಾಲು ಈ ಕ್ರಮದಲ್ಲಿ ಮೂರು ಅಂಕಿ ಬರೆದುಕೊಳ್ಳಿ. ದುಂಬಿಗಳನ್ನು ಪಾದದ ಖಂಡಗಳ ಎಣಿಕೆಯಿಂದ ವಿಂಗಡಿಸುವ ಕ್ರಮವನ್ನು ಮೊದಲು ಬಳಕೆಗೆ ತಂದವನು ಫ್ರಾನ್ಸಿನ ಎಟಿಯೆನ್ ಲೂಯಿ ಜೆಫ್ರಾಯ್, 1762ರಲ್ಲಿ. ಅಷ್ಟು ಹಳೆಯ ಉಪಾಯ ಇಂದಿಗೂ ಕೈಕೊಡುವುದಿಲ್ಲ ಎಂಬುದೇ ನನಗೆ ಸಂತೋಷ.

ಕುರುವಾಯಿಯಲ್ಲಿ 5-5-5 ಸಿಗುತ್ತದೆ. ಬೊಬ್ಬೆ ದುಂಬಿಯಲ್ಲಿ 5-5-4, ಹಿಂಗಾಲಿನಲ್ಲಿ ನಾಲ್ಕೇ. ಮಾವಿನ ಕಾಂಡಕೊರಕದ ಮುಂದೆ ಕುಳಿತಾಗ ಮಾತ್ರ ನಿಧಾನ ಬೇಕು. ಬರಿಗಣ್ಣಿಗೆ 4-4-4 ಎಂದೇ ತೋರುತ್ತದೆ. ಪಾದವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಮೂರನೆಯ ಖಂಡ ವೀಳ್ಯದೆಲೆಯ ಬುಡದಂತೆ ಎರಡು ಹಾಲೆಯಾಗಿ ಅಗಲಿಸಿದೆ, ಅಡಿಯಲ್ಲಿ ಮಖಮಲ್ಲಿನಂತಹ ರೋಮದ ಮೆತ್ತೆ. ಆ ಎರಡು ಹಾಲೆಗಳ ಸಂದಿನಲ್ಲಿ, ಉದ್ದನೆಯ ಕೊನೆಯ ಖಂಡದ ಬುಡಕ್ಕೆ ಅಂಟಿಕೊಂಡು, ಸಾಸಿವೆಯ ಚೂರಿನಷ್ಟೇ ಇರುವ ಒಂದು ಉಂಗುರ ಅಡಗಿದೆ. ಅದೇ ನಾಲ್ಕನೆಯ ಖಂಡ. ಅದನ್ನು ಸೇರಿಸಿದರೆ ಮೂರು ಕಾಲಿಗೂ ಐದೈದು. ಆ ಉಂಗುರ ಕಾಣುವವರೆಗೆ ನನ್ನ ವಿದ್ಯಾರ್ಥಿಗಳನ್ನು ನಾನು ಮುಂದಕ್ಕೆ ಬಿಡುವುದಿಲ್ಲ. ಉದ್ದಮೀಸೆಯ ದುಂಬಿಯಲ್ಲಿ ಮೂರು ಜೋಡಿ ಕಾಲೂ ಒಂದೇ ತರಹ ಇರುತ್ತವೆ, ನಮಗೆ ಬೇಕಾದ ಕುಟುಂಬದಲ್ಲಿ ಹಿಂಗಾಲು ಮಾತ್ರ ಬೇರೆ. ಹಾಗಾಗಿ ಒಂದೇ ಕಾಲು ಎಣಿಸಿ ತೀರ್ಮಾನಕ್ಕೆ ಬರಬೇಡಿ. ಏಳು ವರ್ಷ ನಾನು ಮಾಡಿದ ತಪ್ಪು ಅದೇ. ಪೆಟ್ಟಿಗೆಯಲ್ಲಿ ಎದುರಿಗೆ ಕಾಣುವ ಮುಂಗಾಲನ್ನಷ್ಟೇ ನೋಡಿದ್ದೆ.

ಆದರೆ 5-5-4 ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಬೊಬ್ಬೆ ದುಂಬಿ, ಹಿಟ್ಟಿನ ಹುಳು, ಇನ್ನೂ ಹಲವು ಕುಟುಂಬಗಳಿಗೆ ಇದೇ ಎಣಿಕೆ. ಇವೆಲ್ಲ ಸೇರಿ ಟೆನೆಬ್ರಿಯೊನಾಯ್ಡಿಯ ಎಂಬ ದೊಡ್ಡ ಬಳಗ. ಟ್ರಿಕ್ಟೆನೊಟೊಮಿಡೆಯೂ ಆ ಬಳಗದ್ದೇ. ಅದನ್ನು ಉಳಿದವುಗಳಿಂದ ಬೇರೆ ಮಾಡಲು ಮೀಸೆ, ಅಂದರೆ ಸ್ಪರ್ಶಿಕೆ ನೋಡಬೇಕು.

ಕುರುವಾಯಿಯ ಮೀಸೆ ಗಿಡ್ಡ. ತುದಿಯಲ್ಲಿ ಪುಸ್ತಕದ ಹಾಳೆಗಳಂತೆ ಮೂರು ಎಸಳು, ಒಂದರ ಮೇಲೊಂದು ಮುಚ್ಚಿಕೊಳ್ಳುತ್ತವೆ. ಸಾರಂಗ ದುಂಬಿಯ ಮೀಸೆ ಮೊಣಕೈ ಮಡಿಸಿದಂತೆ ಬಾಗಿರುತ್ತದೆ, ಮೊದಲ ಖಂಡ ಉದ್ದ, ತುದಿಯಲ್ಲಿ ಬಾಚಣಿಗೆಯ ಹಲ್ಲು, ಅವು ಕುರುವಾಯಿಯ ಎಸಳಿನಂತೆ ಮುಚ್ಚಿಕೊಳ್ಳುವುದಿಲ್ಲ. ಕಾಂಡಕೊರಕದ್ದು ತುದಿಯವರೆಗೂ ಚಾವಟಿಯಂತೆ ಸಪೂರ. ಬೀರುವಿನ ದುಂಬಿಯದು ಇವು ಯಾವುದೂ ಅಲ್ಲ. ಹನ್ನೊಂದು ಖಂಡಗಳ, ಮಡಿಕೆಯಿಲ್ಲದ ಮೀಸೆ. ಎಂಟನೆಯದರವರೆಗೆ ತೆಳ್ಳಗೆ ಸಾಗಿ, ಕೊನೆಯ ಮೂರು ಖಂಡಗಳು ಮಾತ್ರ ಒಂದೇ ಬದಿಗೆ ಗರಗಸದ ಹಲ್ಲಿನಂತೆ ಅಗಲವಾಗಿ ಚಾಚಿವೆ. ಟ್ರಿಕ್ಟೆನೊಟೋಮ ಎಂಬ ಹೆಸರಿನಲ್ಲೇ ಇದು ಅಡಗಿದೆ. ಗ್ರೀಕ್ ಭಾಷೆಯ ಮೂರು, ಬಾಚಣಿಗೆ, ತುಂಡು ಎಂಬ ಮೂರು ಮಾತು ಸೇರಿ ಆದ ಹೆಸರು ಅದು. ಇಂಗ್ಲೆಂಡಿನ ಜಾರ್ಜ್ ರಾಬರ್ಟ್ ಗ್ರೇ 1832ರಲ್ಲಿ ಈ ಹೆಸರಿಟ್ಟ.

ದವಡೆಯನ್ನು ಕೊನೆಗೆ ನೋಡಿ ಎಂದು ಬೇಕೆಂದೇ ಹೇಳುತ್ತೇನೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ, ಎಲ್ಲರೂ ಮೋಸ ಹೋಗುವುದೂ ಅಲ್ಲೇ. ಸಾರಂಗ ದುಂಬಿಯಲ್ಲಿ ಗಂಡಿಗೆ ಕೊಂಬಿನಂತಹ ದವಡೆ, ಹೆಣ್ಣಿಗೆ ಚಿಕ್ಕದು. ಗಂಡುಗಳಲ್ಲೂ ಮರಿಹುಳುವಾಗಿದ್ದಾಗ ಹೊಟ್ಟೆ ತುಂಬ ತಿಂದವಕ್ಕೆ ಒಂದು ಅಳತೆ, ಅರೆಹೊಟ್ಟೆಯವಕ್ಕೆ ಇನ್ನೊಂದು ಅಳತೆ. ಉದ್ದಮೀಸೆಯ ಕುಟುಂಬದಲ್ಲೂ ಪ್ರಿಯೊನಿನೆ ಎಂಬ ಉಪಕುಟುಂಬದವಕ್ಕೆ ಭಾರಿ ದವಡೆ ಇರುತ್ತದೆ. ಇಷ್ಟು ಬದಲಾಗುವ ಅಂಗವನ್ನು ನಂಬಿ ಕುಟುಂಬ ಹೇಳಲಾಗದು. ಪಾದ, ಮೀಸೆ ಎರಡೂ ಹೊಂದಿದ ಮೇಲೆ, ಮುಂದಕ್ಕೆ ಚಾಚಿದ ಬಲವಾದ ದವಡೆ ಇದ್ದರೆ ಅದನ್ನು ಮೂರನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ.

ಬಣ್ಣದಿಂದ ಈ ಕುಟುಂಬದ ಎರಡು ಕುಲಗಳು ತಿಳಿಯುತ್ತವೆ. ಮೈಮೇಲೆ ಬೂದು ಅಥವಾ ಹಳದಿ ಛಾಯೆಯ ನವಿರು ರೋಮ ಹೊದ್ದದ್ದು ಟ್ರಿಕ್ಟೆನೊಟೋಮ, ಹಸಿರು ಲೋಹದಂತೆ ಹೊಳೆಯುವುದು ಹಿಮಾಲಯದ ಕಡೆಯ ಆಟೊಕ್ರೇಟಿಸ್. ದಕ್ಷಿಣ ಭಾರತದ್ದು ಟ್ರಿಕ್ಟೆನೊಟೋಮ ಗ್ರೇಯಿ, 1851ರಲ್ಲಿ ಹೆಸರು ಪಡೆದದ್ದು. ರೋಮ ಉಜ್ಜಿದರೆ ಉದುರಿ ಕೆಳಗಿನ ಕಪ್ಪು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಬೆನ್ನು ಹಿಡಿದು ಎತ್ತಬೇಡಿ, ಪಿನ್ನು ಹಿಡಿದು ಎತ್ತಿ.

ಇದನ್ನೆಲ್ಲ ಓದಿ ಕಾಡಿಗೆ ಹೋಗಿ ಹಿಡಿದು ತರಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಜೀವಿಗಳನ್ನು ಹಿಡಿಯುವುದು ಅಪರಾಧ. ಮಲೆನಾಡಿನ ನೆಂಟರ ಮನೆಯಲ್ಲಿ ಮಳೆಗಾಲದ ರಾತ್ರಿ ಜಗಲಿಯ ದೀಪಕ್ಕೆ ದೊಡ್ಡ ದುಂಬಿ ಬಂದರೆ ಮೊಬೈಲಿನಲ್ಲಿ ಮೂರು ಚಿತ್ರ ತೆಗೆಯಿರಿ: ಮೇಲಿನಿಂದ ಒಂದು, ಮೀಸೆಯ ತುದಿಯದು ಒಂದು, ಹಿಂಗಾಲಿನ ಪಾದದ್ದು ಒಂದು. ಜನ ಕಳಿಸುವುದು ಮೊದಲನೆಯದನ್ನು ಮಾತ್ರ. ನನಗೆ ಬೇಕಾದದ್ದು ಮೂರನೆಯದು.

ಕುಟುಂಬ ತಿಳಿದ ಮೇಲೆ ಚೀಟಿ ಬರೆಯುವಾಗ ಊರು, ತಾರೀಕು, ಸಿಕ್ಕ ಬಗೆ, ಗುರುತಿಸಿದವರು ಯಾರು ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆಟ್ಟಿಗೆಯ ಮೂಲೆಯಲ್ಲಿ ನುಸಿಗುಳಿಗೆ ಇಡಿ. ಹಳೆಯ ಚೀಟಿ ತಪ್ಪಾಗಿದ್ದರೂ ಕಿತ್ತು ಬಿಸಾಡಬಾರದು, ಹೊಸದನ್ನು ಅದೇ ಪಿನ್ನಿಗೆ ಪೋಣಿಸಬೇಕು. ನಮ್ಮ ದುಂಬಿಯ ಪಿನ್ನಿನಲ್ಲಿ ಈಗ ಎರಡು ಚೀಟಿ ಇವೆ. ಹೊಸ ಚೀಟಿಯಲ್ಲಿ ‘ಟ್ರಿಕ್ಟೆನೊಟೊಮಿಡೆ, ಪಾದ 5-5-4’ ಎಂದು ಬರೆದು, ಗುರುತಿಸಿದವರ ಜಾಗದಲ್ಲಿ ಆ ಹುಡುಗಿಯ ಹೆಸರು ಹಾಕಿದ್ದೇನೆ.