ಈಳಿಗೆಮಣೆಯಿಂದ ಎದ್ದ ಮೇಲೆ

ನಾನು 30 ವರ್ಷ ಈಳಿಗೆಮಣೆಯ ಮೇಲೆ ಕುಳಿತು ತರಕಾರಿ ಹೆಚ್ಚಿದವಳು. ಈಳಿಗೆಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ, ಓಡಾಡುವುದು ತರಕಾರಿ. ಹೋಳು ನೇರವಾಗಿ ಕೆಳಗಿಟ್ಟ ನೀರಿನ ಪಾತ್ರೆಗೆ ಬೀಳುವುದರಿಂದ ಬದನೆಕಾಯಿಗೆ ಕಪ್ಪಾಗಲು ಪುರಸೊತ್ತೇ ಇರುವುದಿಲ್ಲ. ಎರಡು ಕಿಲೋ ಹುರುಳಿಕಾಯಿ ಮಾತಿನ ಮಧ್ಯೆ ಮುಗಿದುಹೋಗುತ್ತಿತ್ತು. ಆಮೇಲೆ ಮಂಡಿ ನೋವು ಶುರುವಾಯಿತು. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ನೆಲದ ಮೇಲೆ ಕೂರಬೇಡಿ" ಎಂದರು. ಶಿವಮೊಗ್ಗದಲ್ಲಿ ಮನೆಯಿಂದಲೇ ಊಟದ ಡಬ್ಬಿ ಕಳಿಸುವ ಕೆಲಸ ನನ್ನದು. ದಿನಕ್ಕೆ 40 ಡಬ್ಬಿ, 7-8 ಕಿಲೋ ತರಕಾರಿ. ಕೂರಬೇಡಿ ಎಂದರೆ ನಿಂತು ಹೆಚ್ಚಬೇಕು, ಅಷ್ಟೇ. ಈಳಿಗೆಯನ್ನು ಒರೆಸಿ, ಅಲಗಿಗೆ ಎಣ್ಣೆ ಸವರಿ ಅಟ್ಟಕ್ಕೇರಿಸಿದೆ. ಚಾಕು ಹಿಡಿದೆ.

ಮೊದಲ ವಾರ ಗ್ರಾನೈಟ್ ಕಟ್ಟೆಯ ಮೇಲೆಯೇ ಹೆಚ್ಚಿದೆ. ನಾಲ್ಕೇ ದಿನದಲ್ಲಿ ಹೊಸ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗಿತು. ಕಲ್ಲಿಗೆ ಬಡಿದ ಅಲಗಿನ ಅಂಚು ಮಡಚಿಕೊಳ್ಳುತ್ತದೆ ಎನ್ನುವುದು ಹೊಳೆಯಲು ಕಲ್ಲಿನಷ್ಟೇ ಮೊಂಡಾದ ನನ್ನ ತಲೆಗೆ ಒಂದು ವಾರ ಹಿಡಿಯಿತು. ಆಮೇಲೆ ಮಗಳು ಗಾಜಿನ ಬೋರ್ಡ್ ತಂದುಕೊಟ್ಟಳು, ಮೇಲೆ ಸೂರ್ಯಕಾಂತಿ ಹೂವಿನ ಚಿತ್ರವಿದ್ದದ್ದು. ನೋಡಲು ಚೆನ್ನ, ತೊಳೆಯಲು ಸುಲಭ. ಆದರೆ ಗಾಜು ಚಾಕುವಿನ ಪಾಲಿಗೆ ಗ್ರಾನೈಟ್‌ನ ಅಣ್ಣ. ಬೆಳಗಿನ ಐದು ಗಂಟೆಗೆ ಅದರ ಟಕಟಕ ಸದ್ದಿಗೆ ಮನೆಯವರೆಲ್ಲ ಏಳುತ್ತಿದ್ದರು. ಈಗ ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಡುತ್ತೇನೆ. ಆ ಕೆಲಸಕ್ಕೆ ಅದು ಒಳ್ಳೆಯದೇ.

ಮೂರನೆಯದು ಪ್ಲಾಸ್ಟಿಕ್. ಹಗುರ, ಅಗ್ಗ, ಅಲಗಿಗೂ ಮೆತ್ತಗೆ. ಆರು ತಿಂಗಳು ಬಹಳ ಮೆಚ್ಚಿಕೊಂಡಿದ್ದೆ. ಒಂದು ದಿನ ಹರಿವೆ ಸೊಪ್ಪು ಹೆಚ್ಚಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದಾಗ, ನೂರಾರು ಗೀರುಗಳ ಒಳಗೆ ಹಸಿರು, ಕೆಂಪು ಗೆರೆಗಳು ಕಂಡವು. ಬ್ರಷ್ ಹಾಕಿ ತಿಕ್ಕಿದರೂ ಹೋಗಲಿಲ್ಲ. ಮಗಳು ಆಗ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದಳು. ಅಮೆರಿಕದ ಡೀನ್ ಕ್ಲೈವರ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಾಡಿದ ಪ್ರಯೋಗದ ವಿಷಯ ಅವಳೇ ಹೇಳಿದ್ದು. ಮರದ ಮಣೆಯನ್ನು ಪ್ಲಾಸ್ಟಿಕ್‌ನಷ್ಟು ಸುರಕ್ಷಿತ ಮಾಡುವುದು ಹೇಗೆ ಎಂದು ಹುಡುಕಹೊರಟವರಿಗೆ ಸಿಕ್ಕಿದ್ದು ಬೇರೆಯೇ ಉತ್ತರ. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾಗಳನ್ನು ಮರ ತೇವದ ಜೊತೆಗೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿ ಅವು ಬೆಳೆಯದೆ ಕ್ರಮೇಣ ಸಾಯುತ್ತವೆ. ಹೊಸ ಪ್ಲಾಸ್ಟಿಕ್ ಸುಲಭವಾಗಿ ಶುಚಿಯಾಗುತ್ತದೆ, ಆದರೆ ಚಾಕುವಿನ ಗೀರು ತುಂಬಿದ ಹಳೆಯ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಶುಚಿ ಮಾಡುವುದು ಕಷ್ಟ. ನಾನು ಕಿಟಕಿಯಲ್ಲಿ ಕಂಡದ್ದೂ ಅದನ್ನೇ.

ಹಾಗಾದರೆ ಮರವೇ ಸರಿ ಎಂದು ಮೇಳವೊಂದರಲ್ಲಿ ಮರದ ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದ ದುಂಡನೆಯ ಬಿಲ್ಲೆ ತಂದೆ. ತೊಗಟೆ ಸಮೇತ, ಉಂಗುರಗಳೆಲ್ಲ ಕಾಣುವಂಥದ್ದು. ಅದರ ಅಂದಕ್ಕೆ ಮರುಳಾದದ್ದು ನನ್ನ ತಪ್ಪು, ಅದನ್ನು ಹಾಳು ಮಾಡಿದ್ದೂ ನಾನೇ. ಒಂದು ರಾತ್ರಿ ಸುಸ್ತಾಗಿ ಸಿಂಕಿನ ನೀರಿನಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎತ್ತಿ ನೋಡಿದರೆ ನೆನೆದ ಕಡುಬಿನಂತೆ ಭಾರ. ಬೇಗ ಒಣಗಲಿ ಎಂದು ಮಾರ್ಚ್ ತಿಂಗಳ ಬಿಸಿಲಿಗೆ ತಾರಸಿಯ ಮೇಲಿಟ್ಟೆ. ಮಧ್ಯಾಹ್ನ ಬಟ್ಟೆ ತೆಗೆಯಲು ಹೋದವಳ ಎದುರಿಗೇ ಟಪ್ ಎಂದಿತು. ಅಂಚಿನಿಂದ ನಡುವಿನವರೆಗೆ ಬೆರಳು ತೂರುವಷ್ಟು ಬಿರುಕು.

ಇದರ ಕಾರಣ ತಿಳಿಸಿದವರು ನನ್ನ ತವರಿನ ಕಡೆಯ ಆಚಾರ್ಯರು, ಮನೆ ಬಾಗಿಲು ಕಿಟಕಿ ಮಾಡುವವರು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ನಗಣ್ಯ, ಕುಗ್ಗುವುದೆಲ್ಲ ಅಡ್ಡಕ್ಕೆ. ಅದರಲ್ಲೂ ಉಂಗುರದ ಸುತ್ತ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಇಡೀ ಉಂಗುರ ಇರುವ ಬಿಲ್ಲೆ ಎಲ್ಲಿಯಾದರೂ ಸೀಳಲೇಬೇಕು. "ಅಕ್ಕಾ, ಅದು ಇವತ್ತು ಬಿಸಿಲಿಗೆ ಸೀಳಿತು. ನೀವು ನೆರಳಿನಲ್ಲಿ ಇಟ್ಟಿದ್ದರೂ ದೀಪಾವಳಿಗೆ ಸೀಳುತ್ತಿತ್ತು" ಎಂದರು.

ಆ ಮಾತಿನಿಂದ ಸಮಾಧಾನವೇನೋ ಆಯಿತು. ಆದರೆ ಮಲೆನಾಡಿನಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಜುಲೈ ತಿಂಗಳು. ಅಷ್ಟರಲ್ಲಿ ಬಿದಿರಿನ ಮಣೆಯೊಂದು ಬಂದಿತ್ತು. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಹಲಗೆ ಮಾಡುತ್ತಾರೆ. ಗಟ್ಟಿ, ಚಾಕುವಿಗೆ ಸ್ವಲ್ಪ ಒರಟು. ನಾನು ದಿನವೂ ಅದನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಮಲಗಿಸುತ್ತಿದ್ದೆ. ಮೇಲ್ಮೈ ಒಣಗಿ ಗರಿಗರಿಯಾಗಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಎತ್ತಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ತಿರುಗಿಸಿ ನೋಡಿದರೆ ಅಡಿಯಲ್ಲಿ ಬೂದುಹಸಿರು ಬೂಷ್ಟು, ಮಗುವಿನ ತಲೆಯ ಎಳೆಗೂದಲಿನಷ್ಟು ನಯ. ಪಟ್ಟಿಗಳ ನಡುವಿನ ಅಂಟು ಎರಡು ಕಡೆ ಬಿಟ್ಟು, ಆ ಸಂದಿಯಲ್ಲಿ ಕಪ್ಪು ಗೆರೆ ಹೊಕ್ಕಿತ್ತು. ಅಂದಿನ 40 ಡಬ್ಬಿಗೆ ಬೇಕಾದ ತರಕಾರಿಯನ್ನು ಮಂಡಿ ನೋವು ನುಂಗಿಕೊಂಡು ಈಳಿಗೆಯಲ್ಲೇ ಹೆಚ್ಚಿದೆ.

ಆ ದಿನದಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ: ಮಣೆ ಯಾವ ಮರದ್ದು ಎಂದು ಆಮೇಲೆ ನೋಡಿ, ಅದು ಎಲ್ಲಿ ಒಣಗುತ್ತದೆ ಎಂದು ಮೊದಲು ನೋಡಿ. ನಮ್ಮ ಅಡುಗೆಮನೆಯಲ್ಲಿ ಆ ಜಾಗ ಹುಡುಕಲು ನನಗೆ ಒಂದು ತಿಂಗಳು ಬೇಕಾಯಿತು. ಒಲೆಯ ಪಕ್ಕ ಬೇಡ, ಒಂದೇ ಮುಖ ಬಿಸಿಯಾಗಿ ಹಲಗೆ ಬಾಗುತ್ತದೆ. ಸಿಂಕಿನ ಹಿಂದೆ ಬೇಡ, ನೀರು ಸಿಡಿಯುತ್ತದೆ. ಕೊನೆಗೆ ಪೂರ್ವದ ಕಿಟಕಿಯ ಬದಿಯ ಗೋಡೆಗೆ ಎರಡು ಮೊಳೆ ಹೊಡೆದು, ಸ್ಟೀಲಿನ ತಟ್ಟೆ ಸ್ಟ್ಯಾಂಡನ್ನು ತೂಗುಹಾಕಿದೆ. ಮಣೆ ಅದರಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ, ಎರಡೂ ಮುಖಕ್ಕೆ ಗಾಳಿ ತಾಗುತ್ತದೆ. ಮಳೆಗಾಲದಲ್ಲಿ ಒಂದು ಮಣೆ ಒಂದೇ ದಿನದಲ್ಲಿ ಪೂರ್ತಿ ಒಣಗುವುದಿಲ್ಲ. ಹಾಗಾಗಿ ಎರಡು ಮಣೆ, ದಿನ ಬಿಟ್ಟು ದಿನ ಸರದಿ.

ಈಗಿರುವ ಎರಡೂ ಹಲಸಿನ ಮರದ್ದು. ತವರಿನ ಹಿತ್ತಲಿನಲ್ಲಿ ಮಳೆಗೆ ಬಿದ್ದ ಮರವನ್ನು ಹಲಗೆ ಕೊಯ್ಸಿ ಅಟ್ಟದ ಮೇಲೆ ಒಟ್ಟಿದ್ದರು. ಆರು ವರ್ಷ ಅಲ್ಲೇ ಒಣಗಿತ್ತು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎನ್ನುವುದು ಆಚಾರ್ಯರ ಲೆಕ್ಕ. ಅದಕ್ಕಿಂತ ಮೊದಲು ಮುಟ್ಟುವುದಿಲ್ಲ ಎನ್ನುತ್ತಾರೆ. ನಾನು ತೇಗ ಕೇಳಿದ್ದೆ. ಪರಿಚಯದವರೊಬ್ಬರು ಹಳೆಯ ಬಾಗಿಲಿನ ತೇಗದ ತುಂಡು ಕೊಡುತ್ತೇನೆ ಎಂದಿದ್ದರು. "ಬಾಗಿಲಿಗೆ ಎಷ್ಟು ಸಲ ಬಣ್ಣ ಬಳಿದಿದ್ದಾರೋ, ಗೆದ್ದಲಿಗೆ ಏನೇನು ಹಚ್ಚಿದ್ದಾರೋ. ಅನ್ನ ತಿನ್ನುವ ಜಾಗಕ್ಕೆ ಅದು ಬೇಡ" ಎಂದರು ಆಚಾರ್ಯರು. ಹಲಸಿನ ಹಲಗೆಯಲ್ಲಿಯೂ ಅಂಚಿನ ಬಿಳಿಯ ಭಾಗ ತೆಗೆದು, ಒಳಗಿನ ಗಟ್ಟಿ ಹಳದಿ ಚೇಗು ಮಾತ್ರ ಉಳಿಸಿಕೊಂಡರು. ಬಿಳಿಯ ಭಾಗಕ್ಕೆ ಕುಟ್ಟೆ ಹುಳು ಬೀಳುತ್ತದೆ. ಮರದ ನಟ್ಟನಡುವಿನ ತಿರುಳು ಇರುವ ತುಂಡನ್ನೂ ಬದಿಗಿಟ್ಟರು, ಬಿರುಕು ಹುಟ್ಟುವುದೇ ಅಲ್ಲಿಂದ.

ಅಳತೆ 18 ಅಂಗುಲ ಉದ್ದ, 12 ಅಗಲ, ಒಂದೂವರೆ ದಪ್ಪ. ತೂಕ 3 ಕಿಲೋ ಮೀರುತ್ತದೆ. ಭಾರವೆಂದು ಹೆದರಬೇಡಿ, ಭಾರದ ಮಣೆ ಜಾರುವುದಿಲ್ಲ. ಆದರೂ ಅಡಿಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯೊಂದನ್ನು ಹಾಸುತ್ತೇನೆ. ಮಣೆ ಜಾರಿದರೆ ಕೈ ಕೊಯ್ದುಕೊಳ್ಳುವುದು ಸುಲಭ. ಕೆಲಸ ಮುಗಿದೊಡನೆ ಆ ಬಟ್ಟೆ ತೆಗೆಯಬೇಕು, ಇಲ್ಲವಾದರೆ ಬೂಷ್ಟಿಗೆ ಹಾಸಿಗೆ ಹಾಸಿದಂತೆ. ವಾರ್ನಿಷ್, ಪಾಲಿಶ್ ಯಾವುದೂ ಬೇಡ ಎಂದು ಮೊದಲೇ ಹೇಳಿದ್ದೆ. ಚಾಕುವಿನ ಏಟಿಗೆ ಅದು ಚಕ್ಕೆಯೆದ್ದು ಪಲ್ಯಕ್ಕೆ ಸೇರುತ್ತದೆ.

ಬರಿಯ ಮರಕ್ಕೆ ಎಣ್ಣೆ ಕುಡಿಸಬೇಕು. ನಾನು ಮೊದಲು ಹಚ್ಚಿದ್ದು ಮನೆಯಲ್ಲಿದ್ದ ಶೇಂಗಾ ಎಣ್ಣೆ. ಎರಡು ತಿಂಗಳಿಗೆ ಕಮಟು ವಾಸನೆ ಹಿಡಿದು, ಕೈ ಇಟ್ಟರೆ ಅಂಟಂಟು. ಸ್ಯಾಂಡ್‌ಪೇಪರಿನಲ್ಲಿ ಪೂರ್ತಿ ಉಜ್ಜಿ ತೆಗೆಯಬೇಕಾಯಿತು. ಈಗ ಹಚ್ಚುವುದು ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಅದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಎಷ್ಟು ದಿನವಿದ್ದರೂ ಕಮಟುವುದಿಲ್ಲ. ಮಲಬದ್ಧತೆಗೆ ಕುಡಿಯಲು ಕೊಡುವ ಶುದ್ಧ ಪ್ಯಾರಾಫಿನ್ನೇ ಆಗಬೇಕು, ಬೇರೆ ಔಷಧಿ, ಸುವಾಸನೆ ಬೆರೆಸಿದ್ದು ಬೇಡ. ಮೊದಲ ಸಲ ಎರಡು ಬಾಟಲಿ ಕೇಳಿದಾಗ ಅಂಗಡಿಯ ಹುಡುಗ ದನಿ ತಗ್ಗಿಸಿ, "ಎಷ್ಟು ದಿನದಿಂದ ಅಮ್ಮಾ?" ಎಂದು ವಿಚಾರಿಸಿದ. ಮಣೆಗೆ ಎಂದೆ. ನಂಬಿದಂತೆ ಕಾಣಲಿಲ್ಲ.

ಹೊಸ ಮಣೆಗೆ ಮೊದಲ ವಾರ ದಿನವೂ ರಾತ್ರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಉಳಿದದ್ದನ್ನು ಒರೆಸಿದೆ. ಅಗಲದ ಮುಖಗಳು ನಿಧಾನವಾಗಿ ಕುಡಿದರೆ, ಮರದ ಎಳೆಗಳು ಕೊನೆಯಾಗುವ ಎರಡು ತುದಿಗಳು ಬಾಯಾರಿದ ದನದಂತೆ ಹೀರಿಕೊಂಡವು. ನೀರನ್ನೂ ಅವು ಹಾಗೆಯೇ ಹೀರುವುದರಿಂದ ಅಲ್ಲಿಗೆ ಎರಡು ಪಾಲು ಎಣ್ಣೆ. ಕೆಳಗಿನ ಮುಖವನ್ನು ಬಿಟ್ಟರೆ ಒಂದು ಬದಿ ಉಬ್ಬಿ, ಒಂದು ಬದಿ ಕುಗ್ಗಿ ಮಣೆ ದೋಣಿಯಾಗುತ್ತದೆ. ಕೊನೆಗೆ ಜೇನುಮೇಣದ ಮುಲಾಮು. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣವನ್ನು ತೂಕ ಮಾಡಿ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತೇನೆ. ಮೇಣ ಸುಮಾರು 63 ಡಿಗ್ರಿಗೇ ಕರಗುತ್ತದೆ, ನೇರ ಉರಿಗೆ ಇಡುವ ಸಾಹಸ ಬೇಡ. ಮತ್ತೆ ಎಣ್ಣೆ ಯಾವಾಗ ಎಂದು ಈಗ ದಿನದ ಲೆಕ್ಕ ಇಡುವುದಿಲ್ಲ. ಮಣೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತೇನೆ. ಕೆಸುವಿನ ಎಲೆಯ ಮೇಲಿನಂತೆ ಉರುಳಿದರೆ ಸರಿ, ಇಂಗಿದರೆ ಅಂದು ರಾತ್ರಿ ಎಣ್ಣೆ.

ದಿನನಿತ್ಯದ್ದು ಸುಲಭ. ಸಟ್ಟುಗದಿಂದ ಕೆರೆದು, ಸಾಬೂನು ನೀರಿನಲ್ಲಿ ಎರಡೂ ಮುಖ ತೊಳೆದು, ಒರೆಸಿ ನಿಲ್ಲಿಸುವುದು. ಮೇಲಿನ ಮುಖ ಮಾತ್ರ ಕೊಳೆಯಾಗಿದ್ದರೂ ಎರಡೂ ಮುಖ ಒದ್ದೆಯಾಗಬೇಕು. ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಹಿಡಿದರೆ ಕಲ್ಲುಪ್ಪು ಚೆಲ್ಲಿ ಅರ್ಧ ನಿಂಬೆಹಣ್ಣಿನಿಂದ ಉಜ್ಜುತ್ತೇನೆ. ಬಾಳೆಕಾಯಿ, ಬಾಳೆಹೂವಿನ ಒಗರು ಕಬ್ಬಿಣದ ಚಾಕುವಿಗೆ ಸೇರಿದರೆ ಮಣೆಯ ಮೇಲೆ ಮಸಿಯಂತಹ ಕಲೆ. ಅದಕ್ಕೂ ನಿಂಬೆರಸವೇ ಮದ್ದು. ಸ್ಟೀಲ್ ಚಾಕು ಹಿಡಿದರೆ ಆ ಕಲೆಯ ಗೋಜೇ ಇಲ್ಲ.

ಹಸಿ ಅರಿಶಿನದ ಉಪ್ಪಿನಕಾಯಿ ಮಾಡಿದ ವರ್ಷ ಗಾಬರಿಯಾಗಿತ್ತು. ಒಂದು ಕಿಲೋ ಕೊಂಬು ಹೆಚ್ಚಿ ಮುಗಿಸುವಷ್ಟರಲ್ಲಿ ಮಣೆ ಚಿನ್ನದ ಬಣ್ಣ. ಸಾಬೂನು ಹಾಕಿದೆ, ರಕ್ತ ಚೆಲ್ಲಿದಂತೆ ಕೆಂಪಾಯಿತು! ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದು ಕುಂಕುಮ ಮಾಡುವವರಿಗೆಲ್ಲ ಗೊತ್ತು, ಆ ಕ್ಷಣಕ್ಕೆ ನನಗೆ ಮರೆತಿತ್ತು. ನೀರು ಹಾಕಿ ಸಾಬೂನು ತೊಳೆದು, ಬೆಳಗಿನ ಎಳೆಬಿಸಿಲಿಗೆ ದಿನಕ್ಕೆ ಅರ್ಧ ಗಂಟೆ ನಿಲ್ಲಿಸಿದೆ. ನಾಲ್ಕನೆಯ ದಿನಕ್ಕೆ ಕಲೆ ಮಾಸಿತ್ತು. ಬೆಳಕಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ.

ಎಳೆ ಹಲಸಿನಕಾಯಿಯದು ಬೇರೆ ಕಥೆ. ಹಲಸಿನ ಮಣೆಗೆ ಹಲಸಿನ ಮೇಣವೇ ಅತಿ ಹಟಮಾರಿ ಕೊಳೆ. ಚಾಕು, ಕೈ, ಮಣೆ ಮೂರಕ್ಕೂ ಮೊದಲೇ ಕೊಬ್ಬರಿ ಎಣ್ಣೆ ಸವರಿರಬೇಕು. ಆದರೂ ಅಂಟಿದರೆ ನೀರು ಮುಟ್ಟಿಸದೆ, ಬೆಚ್ಚಗಿನ ಎಣ್ಣೆಯ ಬಟ್ಟೆಯಿಂದ ಉಜ್ಜಿ ಎಬ್ಬಿಸಬೇಕು. ನಾನೀಗ ಮಣೆಯ ಮೇಲೆ ಬಾಳೆಎಲೆ ಹಾಸಿಕೊಂಡೇ ಹಲಸು ಕೊಯ್ಯುತ್ತೇನೆ. ಎಲೆ ಹರಿದರೂ ಮುಕ್ಕಾಲು ಮೇಣ ಅದರಲ್ಲೇ ಹೋಗುತ್ತದೆ.

ಭಾನುವಾರ ಮನೆಗೆ ಮೀನು ಬರುತ್ತದೆ. ಡಬ್ಬಿ ಕೊಳ್ಳುವವರು ಸಸ್ಯಾಹಾರಿಗಳು, ಹಾಗಾಗಿ ಮೀನಿಗೆ ನೀಲಿ ಪ್ಲಾಸ್ಟಿಕ್ ಬೋರ್ಡ್, ಅದರ ಚಾಕು, ಅದರ ಸ್ಕ್ರಬ್ಬರ್ ಎಲ್ಲವೂ ಹಿತ್ತಲಿನ ಬಚ್ಚಲಲ್ಲಿ ಪ್ರತ್ಯೇಕ. ಮೊದಲು ತಣ್ಣೀರಿನಲ್ಲಿ ಲೋಳೆ ತೆಗೆದು, ಆಮೇಲೆ ಸಾಬೂನು ಬಿಸಿನೀರು, ಕೊನೆಗೆ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪರಿಮಳವಿಲ್ಲದ ದ್ರವ ಬ್ಲೀಚ್ ಬೆರೆಸಿ ಕೆಲವು ನಿಮಿಷ ಬಿಟ್ಟು ತೊಳೆಯುತ್ತೇನೆ. ಬ್ಲೀಚ್ ಇರುವಲ್ಲಿಗೆ ನಿಂಬೆಹಣ್ಣು, ವಿನೆಗರ್ ತರಬಾರದು, ವಿಷದ ಗಾಳಿ ಏಳುತ್ತದೆ. ಗೀರು ಹೆಚ್ಚಾದಾಗ ಮುಲಾಜಿಲ್ಲದೆ ಈ ಬೋರ್ಡನ್ನು ಬಿಸಾಡಿ ಹೊಸದು ತರುತ್ತೇನೆ.

ಮರದ ಮಣೆಯನ್ನು ಬಿಸಾಡಬೇಕಾಗಿಲ್ಲ. ಆರು ವರ್ಷ ಬಳಸಿದ ಮೇಲೆ ಮೊದಲನೆಯದರ ನಡುವೆ ತಗ್ಗು ಬಿದ್ದಿತ್ತು. ಕೊತ್ತಂಬರಿ ಹೆಚ್ಚಿದರೆ ಚಾಕುವಿನಡಿ ಎಳೆ ತುಂಡಾಗದೆ ಮಾಲೆಯಂತೆ ಉಳಿಯುತ್ತಿತ್ತು. ಕಳೆದ ದಸರೆಗೆ ತವರಿಗೆ ಹೋದಾಗ ಚೀಲದಲ್ಲಿ ಹಾಕಿಕೊಂಡು ಹೋದೆ. ಆಚಾರ್ಯರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. "ಒಂದು ನೂಲು ತೆಗೆದರೆ ಸಾಕು" ಎಂದು ಹತ್ತರಿ ಹಿಡಿದರು. ಕಂದು ಬಣ್ಣಕ್ಕೆ ತಿರುಗಿದ್ದ ಮೇಲ್ಮೈ ಸುರುಳಿ ಸುರುಳಿಯಾಗಿ ಬಿಟ್ಟುಕೊಂಡು, ಅಡಿಯಿಂದ ಮೊದಲ ದಿನದ ಹಳದಿ ಎದ್ದು ಬಂತು. ಕೂಲಿ ಎಷ್ಟು ಎಂದು ಕೇಳಿದೆ. "ಒಂದು ಬಾಟಲಿ ಉಪ್ಪಿನಕಾಯಿ ಕಳಿಸಿ ಅಕ್ಕಾ, ಅರಿಶಿನದ್ದು" ಎಂದರು.